ಮಾವನವರ ಖಾಲಿ ಕಾಲಂ

ನಮ್ಮ ಮಾವ ಮೂವತ್ತೊಂದು ವರ್ಷ ಮ್ಯಾಜಿಸ್ಟ್ರೇಟ್ ಆಗಿದ್ದವರು. ನಿವೃತ್ತಿಯಾಗಿ ಹನ್ನೊಂದು ವರ್ಷವಾಯಿತು, ಆದರೆ ಮನೆಯಲ್ಲಿ ಇವತ್ತಿಗೂ ಕೋರ್ಟು ನಡೆಯುತ್ತದೆ. ಕಾಫಿಗೆ ಸಕ್ಕರೆ ಕಡಿಮೆಯಾದರೆ ‘ಇದಕ್ಕೆ ಯಾರು ಜವಾಬ್ದಾರರು?’ ಎಂದು ಕೇಳುತ್ತಾರೆ. ಮೊಮ್ಮಗಳು ಬಾಗಿಲು ಧಡಾರನೆ ಹಾಕಿದರೆ ಮೊದಲು ಅವಳ ಹೇಳಿಕೆ ತೆಗೆದುಕೊಂಡು ಆಮೇಲೆ ಬೈಯುತ್ತಾರೆ. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ದಿನಕ್ಕೆ ಎಂಟು ಗಂಟೆ ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಗೊತ್ತಿಲ್ಲದವರ ಕೈಗೆ ಜೀವ ಕೊಟ್ಟು ಕೂತು ಬಂದವನಿಗೆ ಮನೆಯಲ್ಲೂ ವಿಚಾರಣೆ ಎಂದರೆ ಹೇಗಿರಬೇಡ! ಆದರೆ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಹೆಣ್ಣು ಕೊಟ್ಟವರು, ಅದರ ಮೇಲೆ ಮನೆಯೂ ಅವರದೇ.

ಒಂದು ಗುರುವಾರ ಬೆಳಿಗ್ಗೆ ಅವರು ಕಪ್ಪು ರಟ್ಟಿನ ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಹಾಲ್‌ಗೆ ಬಂದರು.

“ಅಳಿಯಂದಿರೇ, ಮೂರು ದಿನ ನಿಮ್ಮ ಕಾರು ಬೇಕು. ನೀವೂ ಬೇಕು.”

“ಕ್ಲಾಸಿದೆಯಲ್ಲ ಮಾವ...”

“ಮುಂದೂಡಿ. ಭಾನುವಾರ ಹನ್ನೊಂದು ಗಂಟೆಗೆ ನಿವೃತ್ತ ನ್ಯಾಯಾಧೀಶರ ಸಂಘದಲ್ಲಿ ನನ್ನ ಭಾಷಣ. ವಿಷಯ, ‘ಶಿಕ್ಷೆ ತನ್ನ ಗುರಿ ಮುಟ್ಟುತ್ತದೆಯೇ?’ ಉಳಿದವರೆಲ್ಲ ಪುಸ್ತಕ ನೋಡಿ ಮಾತಾಡ್ತಾರೆ. ನಾನು ಸಾಕ್ಷಿ ಸಮೇತ ಮಾತಾಡ್ತೀನಿ.”

ಆ ಪುಸ್ತಕದ ವಿಷಯ ನನಗೆ ಅವತ್ತೇ ಗೊತ್ತಾದದ್ದು. ತೀರ್ಪು ಕೊಟ್ಟ ದಿನ ಸಂಜೆ ಮಾವ ಅದರಲ್ಲಿ ಒಂದು ಸಾಲು ಬರೆಯುತ್ತಿದ್ದರಂತೆ. ಹೆಸರು-ವಿಳಾಸ, ಅಪರಾಧ, ಶಿಕ್ಷೆ, ನಾಲ್ಕನೆಯದು ಉದ್ದೇಶ. ಈ ಶಿಕ್ಷೆಯಿಂದ ಈ ಮನುಷ್ಯನಿಗೆ ಏನಾಗಬೇಕು ಎಂದು ಅವರೇ ಬರೆದಿಟ್ಟುಕೊಳ್ಳುತ್ತಿದ್ದರು. ಹೀಗೆ ಬರೆಯಿರಿ ಎಂದು ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ. ಐದನೆಯ ಕಾಲಂ ‘ಫಲ’. ಅದು ಮೂವತ್ತೊಂದು ವರ್ಷವೂ ಖಾಲಿ. ಶಿಕ್ಷೆ ಅನುಭವಿಸಿದವನು ಬಂದು ‘ಸ್ವಾಮಿ, ನನಗೆ ಇಷ್ಟು ಗುಣವಾಯಿತು’ ಎಂದು ವರದಿ ಒಪ್ಪಿಸುತ್ತಾನೆಯೇ? ಮತ್ತೆ ಬಂದರೆ ಹೊಸ ಅಪರಾಧದ ಜೊತೆಗೇ ಬರುತ್ತಾನೆ.

ಮಾವ ನಾಲ್ಕು ಬಗೆಯ ಶಿಕ್ಷೆಗೆ ಒಂದೊಂದರಂತೆ ನಾಲ್ಕು ಸಾಲು ಆರಿಸಿ ಕೆಂಪು ಗೆರೆ ಎಳೆದಿದ್ದರು. ನಾಲ್ಕೂ ಅವರಿಗೆ ಹೆಮ್ಮೆಯವು. ನಾನು ಕನ್ನಡಕ ಏರಿಸಿಕೊಂಡು ನೋಡಿದೆ. ಮೂರನೆಯ ಸಾಲು ಓದುತ್ತಿದ್ದಂತೆ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದೆ. ‘ಲೈಸೆನ್ಸ್ ಇಲ್ಲದೆ ಲಾಂಡ್ರಿ ವ್ಯಾನು ಓಡಿಸಿ ಸಂಚಾರಿ ಪೇದೆಯ ಛತ್ರಿ ಬೀಳಿಸಿದ್ದು. ವಯಸ್ಸು ಹತ್ತೊಂಬತ್ತು. ಕೋರ್ಟು ಏಳುವವರೆಗೆ ಸಜೆ.’ ಉದ್ದೇಶದ ಕಾಲಂನಲ್ಲಿ, ‘ನಾಚಿಕೆ.’ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ‘ಹುಡುಗ ಅತ್ತ.’

ಆ ಹುಡುಗ ನಾನೇ. ಹೆಸರು ಮಾತ್ರ ನನ್ನದಲ್ಲ. ಪೇದೆ ಕೊರಳಪಟ್ಟಿ ಹಿಡಿದು ಹೆಸರು ಹೇಳೋ ಎಂದಾಗ ಎದುರಿಗೆ ಒಂದು ಟೈಲರ್ ಅಂಗಡಿಯ ಬೋರ್ಡು ಕಾಣಿಸಿತು. ಹೆಸರು, ವಿಳಾಸ ಎರಡನ್ನೂ ಅದರಿಂದಲೇ ಓದಿ ಹೇಳಿಬಿಟ್ಟೆ. ಮಾರನೆಯ ದಿನ ಮಾವನವರ ಎದುರಿಗೆ ನಿಂತೆ. ‘ಕೋರ್ಟು ಏಳುವವರೆಗೆ ಸಜೆ’ ಎಂದರೆ ಜೈಲಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕೋರ್ಟಿನ ಮೂಲೆಯ ಬೆಂಚಿನ ಮೇಲೆ ಕೂತಿರಬೇಕು, ಅಷ್ಟೇ. ಕೂತಿದ್ದೆ. ಅದಾಗಿ ಎಂಟು ವರ್ಷಕ್ಕೆ ಅವರ ಮಗಳು ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬಂದಳು, ಮದುವೆಯಾಯಿತು. ಅಷ್ಟರಲ್ಲಿ ನನಗೆ ಮೀಸೆ ಬಂದಿತ್ತು, ಹೊಟ್ಟೆ ಬಂದಿತ್ತು, ತಲೆಗೂದಲು ಅರ್ಧ ಹೋಗಿತ್ತು. ಮಾವ ಗುರುತು ಹಿಡಿಯಲಿಲ್ಲ. ಹೆಂಡತಿಗೆ ಮದುವೆಯ ತಿಂಗಳೇ ಹೇಳಿದ್ದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಈಗಲೂ ಅಡುಗೆಮನೆಯಲ್ಲಿ ಮುಖಕ್ಕೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. “ನಡೀರಿ, ನಿಮ್ಮನ್ನ ಹುಡುಕೋಕೆ ನೀವೇ ಕಾರು ಓಡಿಸಿ.”

“ನಗಬೇಡ್ವೇ. ಗುಟ್ಟು ರಟ್ಟಾದರೆ ಸಾಮಾನು ಸಮೇತ ಬೀದಿಗೆ.”

“ಹೋಗಲಿ, ಅಪ್ಪನ್ನ ನೋಡಿದ್ರಾ?” ಎಂದಳು, ನಗು ನಿಲ್ಲಿಸಿ. “ಭಾಷಣ ಎಲ್ಲ ನೆಪ ರೀ. ಅಷ್ಟು ಜನರಿಗೆ ಶಿಕ್ಷೆ ಕೊಟ್ಟೆನಲ್ಲ, ಒಬ್ಬರಿಗಾದರೂ ಒಳ್ಳೇದಾಯ್ತಾ ಅಂತ ತಿಳ್ಕೋಬೇಕು ಅವರಿಗೆ. ಆ ಪುಸ್ತಕ ತೆಗೆದಾಗಿನಿಂದ ಸರಿಯಾಗಿ ಊಟಾನೇ ಮಾಡ್ತಿಲ್ಲ.”

ನನ್ನ ಕಾರಿನಲ್ಲಿ ಎರಡು ಬ್ರೇಕಿವೆ. ಒಂದು ಕಲಿಯುವವರಿಗೆ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟರಿಗೆ. ಮಾವ ಮೇಷ್ಟರ ಸೀಟಿನಲ್ಲಿ ಕೂತರು. ಮಾತಿನ ಮಧ್ಯೆ ಮುಖ್ಯವಾದ ಅಂಶ ಬಂದಾಗಲೆಲ್ಲ ಅವರ ಕಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ನ್ಯಾಯದ ಬಗ್ಗೆ ಮಾತು, ಹೆಜ್ಜೆಗೊಂದು ಮುಖ್ಯ ಅಂಶ. ಹಾಲಿನ ಅಂಗಡಿ ತಲುಪುವಷ್ಟರಲ್ಲಿ ಹಿಂದಿನ ಗಾಡಿಗಳವರು ನನ್ನ ಏಳು ತಲೆಮಾರಿಗೆ ಬೈದು ಮುಗಿಸಿದ್ದರು.

ಹಾಲಿಗೆ ನೀರು ಬೆರೆಸಿದ್ದಕ್ಕೆ ದಂಡ ಕಟ್ಟಿದ್ದವನು ಮೊದಲನೆಯವನು. ಉದ್ದೇಶ, ‘ದುರಾಸೆ ತಗ್ಗಲಿ.’ ಗಲ್ಲಾಪೆಟ್ಟಿಗೆಯ ಹಿಂದೆ ದುಂಡಗೆ ಕೂತಿದ್ದ.

“ನನ್ನ ಗುರುತು ಸಿಕ್ತೇನಪ್ಪಾ?”

“ಇಲ್ವಲ್ಲ ಸ್ವಾಮಿ. ಎಷ್ಟು ಲೀಟರ್ ಬೇಕಿತ್ತು?”

“ನೀನು ಹಾಲಿಗೆ ನೀರು ಬೆರೆಸಿದ್ದಕ್ಕೆ ನಾನು ದಂಡ ಹಾಕಿದ್ದೆ.”

“ಓಹೋ, ನೀವಾ! ಯಾವ ವರ್ಷದ್ದು ಸ್ವಾಮಿ?”

“ಯಾವ ವರ್ಷದ್ದು ಅಂದ್ರೆ?”

“ವರ್ಷಕ್ಕೊಂದು ಬರುತ್ತಲ್ಲ. ನೀರಿನ ಬಿಲ್ಲು ಕಟ್ಟೋ ದಿನಾನೇ ಅದನ್ನೂ ಕಟ್ಟಿಬಿಡ್ತೀನಿ. ನಿಮ್ಮ ಕಾಲದಲ್ಲಿ ದಂಡ ಕಮ್ಮಿ ಇತ್ತು, ಈಗಿನವರು ಏರಿಸಿದ್ದಾರೆ. ಏನ್ಮಾಡೋದು, ನಾವೂ ಸ್ವಲ್ಪ ಜಾಸ್ತಿ ಬೆರೆಸಬೇಕಾಯ್ತು.” ಅವನ ಮುಖದಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಹೊರಡುವಾಗ ಎರಡು ಪ್ಯಾಕೆಟ್ ಹಾಲು ಪುಕ್ಕಟೆ ಕೊಡಲು ಬಂದ, ಮಾವ ಕೈಯಿಂದ ಮುಟ್ಟಲಿಲ್ಲ. ಕಾರಿನಲ್ಲಿ ಕೂತು ಫಲದ ಕಾಲಂನಲ್ಲಿ ‘ನೀರು ಹೆಚ್ಚಾಯಿತು’ ಎಂದು ಬರೆದರು.

ಎರಡನೆಯವನು ಊರ ಗೋಡೆಗಳಿಗೆಲ್ಲ ಪೋಸ್ಟರ್ ಅಂಟಿಸಿದವನು. ಕೋರ್ಟಿನ ಕಾಂಪೌಂಡನ್ನೂ ಬಿಟ್ಟಿರಲಿಲ್ಲ. ಹದಿನೈದು ದಿನ ತನ್ನ ಕೈಯಿಂದಲೇ ಎಲ್ಲವನ್ನೂ ಕೆರೆದು ತೆಗೆಯಬೇಕು ಎಂಬ ಶಿಕ್ಷೆ. ಉದ್ದೇಶ, ‘ಮೈ ಬಗ್ಗಲಿ, ಮನಸ್ಸು ತಿದ್ದಿಕೊಳ್ಳಲಿ.’ ಜೈಲಿಗಿಂತ ಇಂಥ ಶಿಕ್ಷೆಯೇ ಮೇಲು ಎಂದು ಮಾವ ಸಭೆಗಳಲ್ಲಿ ಉದಾಹರಣೆ ಕೊಡುತ್ತಿದ್ದದ್ದು ಇವನದೇ. ಅವನು ನಮ್ಮನ್ನು ಕಂಡು ಓಡಿ ಬಂದು ಮಾವನ ಎರಡೂ ಕೈ ಹಿಡಿದುಕೊಂಡ.

“ನನ್ನ ಬದುಕು ತಿದ್ದಿದೋರು ನೀವು ಸಾರ್! ಹದಿನೈದು ದಿನ ಕೆರೆದೆನಲ್ಲ, ಎಷ್ಟು ನಾಚಿಕೆ ಆಯ್ತು ಅಂತೀರಾ.”

“ಆಯ್ತಲ್ಲ!” ಎಂದು ಮಾವ ನನ್ನ ಕಡೆ ನೋಡಿದರು. ಮುಖ ಊರಗಲವಾಗಿತ್ತು.

“ಆಯ್ತು ಸಾರ್. ಉಗುರಲ್ಲಿ ಎಳೆದರೆ ಕಿತ್ತು ಬರ್ತಿತ್ತು. ಇಂಥಾ ಕಳಪೆ ಅಂಟು ಬಳಸ್ತಿದ್ನಾ ಅಂತ ಮುಖ ಎತ್ತೋಕಾಗಲಿಲ್ಲ. ಯಾರಪ್ಪನ ಕೈಲೂ ಕೀಳೋಕಾಗದ ಅಂಟು ಮಾಡ್ತೀನಿ ಅಂತ ಆವತ್ತೇ ತೀರ್ಮಾನ ಮಾಡಿದೆ.” ಮನೆಯ ಹಿಂದಿನ ಶೆಡ್ಡು ತೋರಿಸಿದ. ಆಳೆತ್ತರದ ಡ್ರಮ್ಮುಗಳಲ್ಲಿ ಅಂಟು ಕುದಿಯುತ್ತಿತ್ತು, ಎಂಟು ಜನ ಕೆಲಸಕ್ಕಿದ್ದರು. “ಹೋದ ವರ್ಷ ಕೋರ್ಟಿನ ಕಾಂಪೌಂಡಿಗೆ ಹಾಕಿದ್ದು ಸಾರ್, ಬೇಕಾದರೆ ಹೋಗಿ ನೋಡಿ. ಮಳೆಗೂ ಜಗ್ಗಿಲ್ಲ, ಜವಾನನಿಗೂ ಜಗ್ಗಿಲ್ಲ.”

ಒಂದು ಡಬ್ಬಿ ಅಂಟನ್ನು ಒತ್ತಾಯದಿಂದ ಮಾವನ ಮಡಿಲಿಗಿಟ್ಟ. ಅವತ್ತು ಮನೆಯವರೆಗೆ ಅವರು ಅದನ್ನು ಹಿಡಿದುಕೊಂಡೇ ಕೂತಿದ್ದರು. ನನಗೆ ನಗು ಒತ್ತರಿಸಿ ಬರುತ್ತಿತ್ತು, ಆದರೆ ಮಾರನೆಯ ದಿನ ನನ್ನ ಸಾಲಿನ ಸರದಿ ಎಂಬುದು ನೆನಪಾಗಿ ನಗು ಅಲ್ಲೇ ನಿಂತಿತು.

ಶುಕ್ರವಾರ ನನಗೆ ಜ್ವರ ಬಂದಿದೆ ಎಂದೆ. ಹೆಂಡತಿ ಹಣೆ ಮುಟ್ಟಿ ನೋಡಿ, ತಂದೆಯ ಎದುರಿಗೇ, “ತಣ್ಣಗಿದೆ” ಎಂದಳು. ಮನೆಯೊಳಗಿನ ಶತ್ರು ಎಂದರೆ ಇವಳೇ.

ಟೈಲರ್‌ಗೆ ಎಪ್ಪತ್ತು ದಾಟಿರಬೇಕು. ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ನಾನು ಬಾಗಿಲ ಹತ್ತಿರ ನೇತುಹಾಕಿದ್ದ ಕೋಟೊಂದರ ಮರೆಗೆ ನಿಂತೆ. ಮಾವ ಪುಸ್ತಕದಲ್ಲಿದ್ದ ಹತ್ತೊಂಬತ್ತನ್ನೂ ಮುದುಕನ ಮುಖವನ್ನೂ ಎರಡೆರಡು ಸಲ ನೋಡಿದರು. “ನಾನು ಮ್ಯಾಜಿಸ್ಟ್ರೇಟ್ ಆಗಿದ್ದೆ. ಇಪ್ಪತ್ತೇಳು ವರ್ಷದ ಹಿಂದೆ ನಿಮ್ಮ ಹೆಸರಿನಲ್ಲೊಂದು ಶಿಕ್ಷೆಯಾಗಿತ್ತು” ಎಂದು ಮಾವ ಶುರು ಮಾಡಿದ್ದೇ ತಡ, ಮುದುಕ ಗುಂಡುಸೂಜಿ ಉಗುಳಿ ಎದ್ದು ನಿಂತ.

“ನನಗಾ? ಇಲ್ಲ ಸ್ವಾಮಿ! ನನ್ನನ್ನ ಇವತ್ತಿನವರೆಗೆ ಯಾರೂ ಹಿಡಿದಿಲ್ಲ!”

“ಹಿಡಿದಿಲ್ಲ ಅಂದರೆ? ಏನು ಮಾಡಿದ್ರಿ?”

ಅಷ್ಟು ಸಾಕಾಯಿತು. ಮುದುಕ ಮೇಜಿನ ಕೆಳಗಿನಿಂದ ಒಂದೊಂದಾಗಿ ಮೂರು ಮೂಟೆ ಎಳೆದ. ನಲವತ್ತು ವರ್ಷದಿಂದ ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡೆಲ್ಲ ಅದರಲ್ಲಿತ್ತು. ಮನೆಯ ದಿಂಬು, ಹಾಸಿಗೆ, ಕಿಟಕಿಯ ಪರದೆ ಎಲ್ಲವೂ ಊರವರ ಪ್ಯಾಂಟು ಶರಟಿನವೇ ಎಂದು ಒಪ್ಪಿಕೊಂಡ. “ಬಾಗಿಲು ಸದ್ದಾದಾಗೆಲ್ಲ ಪೊಲೀಸ್ ಬಂದರು ಅಂತ ಜೀವ ಬಾಯಿಗೆ ಬರ್ತಿತ್ತು ಸ್ವಾಮಿ. ಕರ್ಕೊಂಡು ಹೋಗಿ, ನಡೀರಿ. ಈ ಬ್ಲೌಸ್ ಒಂದು ಮುಗಿಸಿಬಿಡ್ತೀನಿ, ಸಂಜೆಗೆ ಕೊಡ್ಬೇಕು.”

ಅವನನ್ನು ಸಮಾಧಾನ ಮಾಡಿ ಕೂರಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು. ಹೊರಗೆ ಬಂದ ಮಾವ ಬೋರ್ಡನ್ನು ನೋಡಿದರು, ಆಮೇಲೆ ತಿರುಗಿ ಎದುರಿನ ಚೌಕದಲ್ಲಿ ಸಂಚಾರಿ ಪೇದೆಯ ನೆತ್ತಿಯ ಮೇಲೆ ನೆಟ್ಟಿದ್ದ ಛತ್ರಿಯನ್ನು ನೋಡಿದರು. ಅವರು ಮೂವತ್ತೊಂದು ವರ್ಷ ಸುಮ್ಮನೆ ಕೂತು ಸಂಬಳ ತೆಗೆದುಕೊಂಡಿರಲಿಲ್ಲ.

“ಅಳಿಯಂದಿರೇ, ಆ ಹುಡುಗ ಇಲ್ಲಿ ನಿಂತು ಈ ಬೋರ್ಡು ಓದಿದ್ದಾನೆ.”

“ಇರಬಹುದು ಮಾವ,” ಎಂದೆ.

“ಶಿಕ್ಷೆಯಾಗದೇ ಇರೋನು ನಲವತ್ತು ವರ್ಷ ನಡುಗಿದ್ದಾನೆ. ಶಿಕ್ಷೆ ಅನುಭವಿಸಿದೋನು ಸುಳ್ಳು ಹೆಸರು ಹೇಳಿ ನಡೆದುಬಿಟ್ಟಿದ್ದಾನೆ. ಹೆಸರು ಸುಳ್ಳಾದ ಮೇಲೆ ಆ ಕಣ್ಣೀರೂ ಸುಳ್ಳೇ.” ಅವರ ಮುಖ ಸಪ್ಪಗಾಯಿತು. ‘ಹುಡುಗ ಅತ್ತ’ ಎಂಬ ಎರಡು ಪದದ ಮೇಲೆ ಅವರು ಅಷ್ಟು ಭಾರ ಹಾಕಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಧೈರ್ಯ ಬರಲಿಲ್ಲ, ಕಾರು ಸ್ಟಾರ್ಟ್ ಮಾಡಿದೆ.

ನಾಲ್ಕನೆಯ ಸಾಲು ಜೈಲಿನದು. ಶಾಲೆಯೊಂದರ ನೀರಿನ ಪಂಪು ಕದ್ದವನಿಗೆ ಆರು ತಿಂಗಳು. ಉದ್ದೇಶ, ‘ಮತ್ತೆ ಕದಿಯದಿರಲಿ.’ ಅವನ ಹೆಂಡತಿ ಬಾಗಿಲು ತೆಗೆದಳು. ಒಳಗೆ ಕಿಟಕಿಯ ಪಕ್ಕ ಒಬ್ಬ ಸಣಕಲು ಮನುಷ್ಯ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಸುತ್ತಿದ ತಂತಿ ಒಂದೇ ಒಂದು ಎಳೆ ಆಚೀಚೆಯಾಗದೆ ಕೂತಿತ್ತು. ನಮ್ಮನ್ನು ಕಂಡವನೇ ಎದ್ದು, ಕೈ ಎರಡೂ ತೊಡೆಗೆ ಅಂಟಿಸಿ, ತನ್ನ ಹೆಸರು ಹೇಳಿ, ಆಮೇಲೆ ಒಂದು ನಂಬರು ಹೇಳಿದ.

“ಕೂತ್ಕೋಪ್ಪಾ,” ಎಂದರು ಮಾವ. ಹೇಳಿದ ಮೇಲೆಯೇ ಅವನು ಕೂತದ್ದು.

“ಆಮೇಲೆ ಏನಾದರೂ... ಕಳವು ಗಿಳವು?”

“ಇಲ್ಲ ಸ್ವಾಮಿ,” ಎಂದಳು ಹೆಂಡತಿ. “ಕದ್ದಿಲ್ಲ. ಏನೂ ಮಾಡಿಲ್ಲ. ಬಿಡುಗಡೆ ಆಗಿ ಬಂದೋರು ಒಳಗೆ ಬಂದ್ರು, ಆಮೇಲೆ ಹೊಸ್ತಿಲು ದಾಟಿಲ್ಲ. ಹತ್ತೊಂಬತ್ತು ವರ್ಷ ಆಯ್ತು. ಕೆಲಸ ನಾನೇ ತಂದು ಕೊಡ್ತೀನಿ, ನಾನೇ ಒಯ್ದು ಕೊಡ್ತೀನಿ. ಮಗಳ ಮದುವೆ ಪಕ್ಕದ ಬೀದೀಲೇ ಆಯ್ತು. ಇಲ್ಲೇ ಕೂತಿದ್ರು.” ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕೇಳಲಾಗುತ್ತಿರಲಿಲ್ಲ.

ಮಾವ ಪುಸ್ತಕ ಬಿಚ್ಚಿದರು, ಪೆನ್ನು ತೆಗೆದರು. ಬರೆಯುವುದಾದರೆ ಬರೆಯಬಹುದಿತ್ತು. ಮತ್ತೆ ಕದಿಯಬಾರದು ಎಂದಿದ್ದರು, ಅವನು ಕದ್ದಿರಲಿಲ್ಲ. ನಾಲ್ಕರಲ್ಲಿ ನೂರಕ್ಕೆ ನೂರು ಗುರಿ ಮುಟ್ಟಿದ ಶಿಕ್ಷೆ ಅದೊಂದೇ. ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ಮನೆಯವರೆಗೆ ಒಂದು ಸಲವೂ ಬ್ರೇಕು ಒತ್ತಲಿಲ್ಲ. ನನಗೆ ಅದು ಸರಿಕಾಣಲಿಲ್ಲ.

ರಾತ್ರಿ ಊಟ ಬೇಡವೆಂದರು, ಬೆಳಿಗ್ಗೆಯೂ ಬೇಡವೆಂದರು. ಶನಿವಾರ ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಅನ್ನವನ್ನು ಬೆರಳಿನಿಂದ ಆಚೀಚೆ ತಳ್ಳುತ್ತಿದ್ದರು. ಕಾಫಿಗೆ ಸಕ್ಕರೆಯೇ ಹಾಕಿರದಿದ್ದರೂ ಯಾರು ಜವಾಬ್ದಾರರು ಎಂದು ಕೇಳಿರಲಿಲ್ಲ. ಹೆಂಡತಿ ನನ್ನನ್ನು ನೋಡಿದಳು. ಈ ಸಲ ಕಣ್ಣಲ್ಲಿ ನಗುವಿರಲಿಲ್ಲ.

“ಮಾವ,” ಎಂದೆ, “ಆ ಮೂರನೇ ಸಾಲಿನವನು ನಾನೇ.”

ತಲೆ ಎತ್ತಿದರು. “ಯಾರು?”

“ಲಾಂಡ್ರಿ ವ್ಯಾನು. ಛತ್ರಿ. ಬೋರ್ಡು. ನಾನೇ.”

ಇಪ್ಪತ್ತೇಳು ವರ್ಷದ ಹಿಂದೆ ಎತ್ತರದ ಕುರ್ಚಿಯಿಂದ ನೋಡಿದ್ದ ಹಾಗೆಯೇ ನೋಡಿದರು. ಮದುವೆಯಾದಾಗಿನಿಂದ ನನ್ನನ್ನು ಬಹುವಚನದಲ್ಲೇ ಕರೆದವರು, ಅದನ್ನು ಆ ಕ್ಷಣಕ್ಕೇ ಕಿತ್ತುಕೊಂಡರು.

“ಎದ್ದು ನಿಲ್ಲೋ!”

ಎದ್ದು ನಿಂತೆ. ಕೈ ಎಂಜಲಾಗಿತ್ತು.

“ಕೋರ್ಟಿಗೇ ಸುಳ್ಳು ಹೆಸರು! ನನ್ನ ಮನೇಲಿ ಇಷ್ಟು ವರ್ಷ ಉಂಡುಕೊಂಡು! ಇದು ನಿನಗೆ ಗೊತ್ತಿತ್ತೇನೇ?” ಮಗಳು ಗೊತ್ತಿತ್ತು ಎಂದಳು. “ಸಹ ಆರೋಪಿ!” ಎಂದು ಗುಡುಗಿದರು. ಗುಡುಗುವ ಭರದಲ್ಲಿ ಒಂದು ತುತ್ತು ಬಾಯಿಗಿಟ್ಟರು. ಹೆಂಡತಿ ಮೆಲ್ಲಗೆ ಇನ್ನಷ್ಟು ಬಡಿಸಿದಳು. ಅದನ್ನೂ ತಿನ್ನುತ್ತ ವಿಚಾರಣೆ ಮುಂದುವರಿಸಿದರು.

“ಅವತ್ತು ಕೋರ್ಟಲ್ಲಿ ಕಣ್ಣೀರು ಹಾಕಿದೆಯಲ್ಲ, ಅದೂ ನಾಟಕವಾ?”

ಪಶ್ಚಾತ್ತಾಪದಿಂದಲೇ ಅತ್ತೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಮುದುಕರು ಖುಷಿಯಾಗಿ ಬರೆದುಕೊಂಡು ನಾಳೆ ಭಾಷಣ ಮಾಡುತ್ತಿದ್ದರು. ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವರ ಎದುರಿಗೆ ಒಮ್ಮೆ ಸುಳ್ಳು ಹೇಳಿದ್ದೇ ಸಾಕಾಗಿತ್ತು.

“ಆಕಳಿಕೆ, ಮಾವ.”

“ಏನು?”

“ಬೆಳಿಗ್ಗೆಯಿಂದ ಫ್ಯಾನಿಲ್ಲದ ಮೂಲೇಲಿ ಕೂತು ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು ಬಂತು. ನೀವೂ ಆಕಳಿಸ್ತಿದ್ರಿ. ನಿಮ್ಮನ್ನ ನೋಡಿಯೇ ನನಗೆ ಜಾಸ್ತಿ ಆಗಿದ್ದು.”

ಹೆಂಡತಿ ತಟಕ್ಕನೆ ಅಡುಗೆಮನೆಗೆ ಹೋದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು ಬಂತು. ಮಾವ ಉಳಿದಿದ್ದ ಅನ್ನವನ್ನು ತಟ್ಟೆಯ ಮಧ್ಯಕ್ಕೆ ಎಳೆದುಕೊಂಡರು.

“ಆಮೇಲೆ? ಲೈಸೆನ್ಸ್ ಇಲ್ಲದೆ ಓಡಿಸೋದು ಬಿಟ್ಟೆಯಾ?”

“ಎರಡು ವರ್ಷ ಹಾಗೇ ಓಡಿಸಿದೆ.”

“ಹಾಗಾದರೆ ಆ ಶಿಕ್ಷೆಯಿಂದ ನಿನಗೆ ಏನೂ ಆಗಲಿಲ್ಲ.”

“ಏನೂ ಆಗಲಿಲ್ಲ ಮಾವ. ಐದು ಗಂಟೆಗೆ ನೀವು ಎದ್ದು ಒಳಗೆ ಹೋದ್ರಿ. ಜವಾನ ಬಂದು ಭುಜ ತಟ್ಟಿ, ‘ಮುಗೀತು ಕಣಯ್ಯ, ಮನೆಗೆ ಹೋಗು’ ಅಂದ. ಹೋಗಿ ಹೊಟ್ಟೆ ತುಂಬಾ ಉಂಡು ಮಲಗಿದೆ. ಅಷ್ಟೇ.”

ಮಾವನ ಕೈ ತಟ್ಟೆಯ ಮೇಲೆ ನಿಂತಿತು. “ಮುಗೀತು ಅಂತ ಹೇಳಿದನಾ?”

“ಹೇಳಿದ.”

“ಬಾಯಿ ಬಿಟ್ಟು ಹೇಳಿದನಾ?”

“ಹೂಂ ಮಾವ.”

ಅವರು ಕೈ ತೊಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇವತ್ತೇ ಗಂಟುಮೂಟೆ ಕಟ್ಟಬೇಕೋ ನಾಳೆಯೋ ಎಂದು ನಾನು ಹೆಂಡತಿಯನ್ನು ಕೇಳಿದೆ. ಭಾಷಣ ಮುಗಿಯಲಿ ತಾಳಿ ಎಂದಳು.

ಭಾನುವಾರ ಹತ್ತೂವರೆಗೆ ಮಾವ ಕೋರ್ಟಿಗೆ ಹಾಕುತ್ತಿದ್ದ ಕಪ್ಪು ಕೋಟು ಹಾಕಿಕೊಂಡು ಬಂದರು. ಸಂಘದ ಕಾರ್ಯದರ್ಶಿ ಎರಡು ಸಲ ಫೋನ್ ಮಾಡಿದ್ದರು. ನಾನು ಕಾರನ್ನು ಸಂಘದ ರಸ್ತೆಗೆ ತಿರುಗಿಸುತ್ತಿದ್ದಂತೆ ಮಾವ ಬ್ರೇಕು ಒತ್ತಿದರು.

“ಆ ಕಡೆ ಅಲ್ಲ. ಪಂಪಿನವನ ಮನೆಗೆ ನಡಿ.”

ಆ ಮನುಷ್ಯ ಅದೇ ಕಿಟಕಿಯ ಪಕ್ಕ ಇದ್ದ. ಎದ್ದು ಹೆಸರು ಹೇಳಿದ. ನಂಬರು ಹೇಳುವುದಕ್ಕೆ ಮಾವ ಬಿಡಲಿಲ್ಲ.

“ಕೇಳು. ನಾನು ನಿನಗೆ ಆರು ತಿಂಗಳು ಕೊಟ್ಟಿದ್ದೆ. ಅದು ಹತ್ತೊಂಬತ್ತು ವರ್ಷದ ಹಿಂದೆಯೇ ಮುಗೀತು. ನಿನಗೆ ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಪ್ಪು ನನ್ನದು. ಈಗ ಹೇಳ್ತಾ ಇದ್ದೀನಿ. ಮುಗೀತು ಕಣಯ್ಯ.”

ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡ. ಆಮೇಲೆ ಬಹಳ ವಿನಯದಿಂದ, “ಬರೆದು ಕೊಡ್ತೀರಾ ಸ್ವಾಮಿ?” ಎಂದ.

ಅವನ ಹೆಂಡತಿ ಒಂದು ಬಿಳಿ ಹಾಳೆ ಹುಡುಕಿ ತಂದಳು. ಮಾವ ಮೇಜಿನ ಮೇಲಿನ ಮೋಟಾರು ಸರಿಸಿ ಪೆನ್ನು ತೆಗೆದರು, ನನ್ನ ಕಡೆ ಬಾಗಿದರು.

“ಅಧಿಕಾರ ಇಲ್ಲದೋನು ಕೋರ್ಟಿನ ಹೆಸರಲ್ಲಿ ಆದೇಶ ಬರೆಯೋದು ಅಪರಾಧ. ಗೊತ್ತೇನೋ ನಿನಗೆ?”

“ಎಷ್ಟು ಬೀಳುತ್ತೆ ಮಾವ?”

“ಮೂರು ವರ್ಷ. ನಾನೇ ಇಬ್ಬರಿಗೆ ಕೊಟ್ಟಿದ್ದೀನಿ,” ಎಂದು ಹೇಳಿ ಬರೆಯತೊಡಗಿದರು. ಇವನ ಶಿಕ್ಷೆ ಪೂರ್ತಿಯಾಗಿದೆ, ಇವನು ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರೂ ತಡೆಯಕೂಡದು. ಕೆಳಗೆ ಹಳೆಯ ಹುದ್ದೆಯನ್ನೇ ಬರೆದು, ತಾರೀಕು ಹಾಕಿ, ಠೀವಿಯಿಂದ ಸಹಿ ಮಾಡಿದರು.

ಅವನು ಅದನ್ನು ಎರಡು ಸಲ ಓದಿದ. “ಸೀಲು?” ಎಂದ.

“ಸಹಿ ಸಾಕು.”

ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. “ನನ್ನ ಚಪ್ಪಲಿ ಎಲ್ಲೇ?” ಎಂದು ಹೆಂಡತಿಯನ್ನು ಕೇಳಿದ. ಚಪ್ಪಲಿ ಇರಲಿಲ್ಲ. ಇಷ್ಟು ವರ್ಷ ಕೊಂಡಿರಲಿಲ್ಲ, ಬೇಕಾಗಿರಲಿಲ್ಲ.

ಮಾವ ಬಾಗಿಲ ಬಳಿ ಬಿಟ್ಟಿದ್ದ ತಮ್ಮ ಚಪ್ಪಲಿಯನ್ನು ಕಾಲಿನಿಂದ ಅವನ ಕಡೆ ತಳ್ಳಿದರು. ಅವನು ಹಾಕಿಕೊಂಡ. ಒಂದು ಸೈಜು ದೊಡ್ಡದಿತ್ತು. ಬೀದಿಯ ಕೊನೆಯವರೆಗೆ ನಾವು ಮೂವರೂ ಹೋದೆವು, ಮಾವ ಬರಿಗಾಲಿನಲ್ಲಿ.